ಒಂದಾಣೆಯಿಂದ ಹದಿನೈದನೇ ಹಣಕಾಸಿನವರೆಗೆ

ಕೆ.ಆರ್.ಪೇಟೆಯಿಂದ ನಾಗಮಂಗಲದ ಕಡೆಗೆ ಹೋಗುವಾಗ ಯಾವ ಊರಿನ ಒಳಕ್ಕೆ ತಿರುಗಿದರೂ ಮೊಣಕಾಲೆತ್ತರದ ಸಿಮೆಂಟ್ ಹಲಗೆಯೊಂದು ಎದುರಾಗುತ್ತದೆ. ಚರಂಡಿಯ ಪಕ್ಕ, ಶಾಲೆಯ ಕಾಂಪೌಂಡಿನ ಬದಿ, ಕೆರೆ ಏರಿಯ ತುದಿ, ಎಲ್ಲಾದರೂ ಇರಬಹುದು. ಬಣ್ಣ ಮಾಸಿದ್ದರೂ ಅಕ್ಷರ ಓದಬಹುದು: ಕಾಮಗಾರಿಯ ಹೆಸರು, ಯಾವ ಯೋಜನೆಯ ದುಡ್ಡು, ಅಂದಾಜು ಮೊತ್ತ, ಮುಗಿದ ವರ್ಷ. ಅದೇ ಊರಿನ ಹಳೇ ದೇವಸ್ಥಾನದ ಮುಂದೆ ಇನ್ನೊಂದು ಕಲ್ಲು ನಿಂತಿರುತ್ತದೆ. ಅದು ಹೊಯ್ಸಳರ ಕಾಲದ್ದೋ ಅದರ ನಂತರದ್ದೋ ಶಾಸನ. ಕೆರೆ ಕಟ್ಟಿಸಿದವರು ಯಾರು, ಅದರ ರಿಪೇರಿಗೆ ಯಾವ ಗದ್ದೆ ಬಿಟ್ಟರು, ಆ ಗದ್ದೆಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲಿದೆ. ಎರಡು ಕಲ್ಲುಗಳ ನಡುವೆ ಎಂಟು ನೂರು ವರ್ಷ ಕಳೆದಿದ್ದರೂ ಎರಡೂ ಹೇಳುವುದು ಒಂದೇ ಸಂಗತಿ: ಊರಿನ ಕೆಲಸಕ್ಕೆ ದುಡ್ಡು ಎಲ್ಲಿಂದ ಬಂತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಕನ್ನಂಬಾಡಿ ಕಟ್ಟೆಯ ಆಸುಪಾಸಿನಲ್ಲಿವೆ. ಒಂದೇ ಮಂಡ್ಯ ಜಿಲ್ಲೆ, ಒಂದೇ ಮಾತು, ಬಹುಮಟ್ಟಿಗೆ ಒಂದೇ ಊಟ. ಆದರೆ ನೀರಿನ ವಿಷಯದಲ್ಲಿ ಮಾತ್ರ ಒಂದಲ್ಲ. ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ನಿಂತವನಿಗೆ ಕಣ್ಣು ಹಾಯಿಸಿದಷ್ಟೂ ಹಸಿರು. ನಾಗಮಂಗಲದ ದಿಣ್ಣೆಯ ಮೇಲೆ ನಿಂತವನಿಗೆ ರಾಗಿ, ಹುರುಳಿ, ತೆಂಗು ಮತ್ತು ಮಳೆಗಾಗಿ ಕಾಯುವ ಬೆದ್ದಲು. ಸರ್ಕಾರ ಹಳ್ಳಿಗೆ ದುಡ್ಡು ಹಂಚುವ ಸೂತ್ರ ಕಾಲದಿಂದ ಕಾಲಕ್ಕೆ ಬದಲಾದಾಗಲೆಲ್ಲ ಆ ಬದಲಾವಣೆ ಈ ಎರಡು ನೆಲಗಳ ಮೇಲೆ ಬೇರೆಬೇರೆ ರೀತಿಯಲ್ಲಿ ಬಿದ್ದಿದೆ. ಆದ್ದರಿಂದ ಪಂಚಾಯಿತಿ ದುಡ್ಡಿನ ಚರಿತ್ರೆ ಓದಲು ಈ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹಳೆಯ ಏರ್ಪಾಡು ಸರಳವಾಗಿತ್ತು. ಕೆರೆಯ ಹೂಳೆತ್ತಲು, ತೂಬು ಸರಿಮಾಡಲು, ಏರಿ ಭದ್ರಪಡಿಸಲು ಬೇಕಾದ ಖರ್ಚಿಗೆ ಆ ಕೆರೆಯ ಕೆಳಗಿನ ಭೂಮಿಯನ್ನೇ, ಇಲ್ಲವೇ ಅದರ ಫಸಲಿನ ಒಂದು ಪಾಲನ್ನೇ ಮೀಸಲಿಡುತ್ತಿದ್ದರು. ಅದು ಬಿತ್ತುವಟ್ಟ. ಕೆರೆ ಕಟ್ಟಿದವನಿಗೋ ಒಡೆದ ಏರಿಯನ್ನು ಮತ್ತೆ ನಿಲ್ಲಿಸಿದವನಿಗೋ ಬಿಡುತ್ತಿದ್ದ ಗದ್ದೆ ಕಟ್ಟುಕೊಡಗೆ. ಊರಿನ ಚಾಕರಿಯ ಸಂಬಳ ಕಣದಲ್ಲೇ ತೀರುತ್ತಿತ್ತು. ರಾಶಿ ಅಳೆಯುವ ದಿನ ನೀರುಗಂಟಿ, ತಳವಾರ, ತೋಟಿ, ಕಮ್ಮಾರ, ಅಗಸ, ಕ್ಷೌರಿಕ ಎಲ್ಲರೂ ಬಂದು ತಮ್ಮ ಆಯ ಒಯ್ಯುತ್ತಿದ್ದರು. ಊರಿನ ದುಡ್ಡು ಊರಲ್ಲೇ ಹುಟ್ಟಿ ಊರಲ್ಲೇ ಖರ್ಚಾಗುತ್ತಿತ್ತು.

ಹಾಗೆಂದು ಅದನ್ನು ಹಾಡಿ ಹೊಗಳುವಂತಿಲ್ಲ. ಕಣದಲ್ಲಿ ಮೊದಲು ಅಳೆಯುತ್ತಿದ್ದುದು ಯಾರ ಪಾಲು, ಕೊನೆಗೆ ಮೊರದಲ್ಲಿ ಗುಡಿಸಿ ಕೊಡುತ್ತಿದ್ದುದು ಯಾರ ಪಾಲು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕೆರೆಯ ಕೆಳಗೆ ಗದ್ದೆ ಇದ್ದವನಿಗೆ ಆ ವ್ಯವಸ್ಥೆ ಹಿತವಾಗಿತ್ತು. ಏರಿಗೆ ಮಣ್ಣು ಹೊತ್ತವನಿಗೆ ಬಹಳ ಸಲ ಗದ್ದೆಯೇ ಇರಲಿಲ್ಲ.

ದೊಡ್ಡ ಕೆಲಸಗಳಿಗೆ ಅರಮನೆಯ ಬೊಕ್ಕಸವೇ ಬೇಕಾಗುತ್ತಿತ್ತು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಗಟ್ಟಿಸಿ ಬಂಗಾರದೊಡ್ಡಿ ನಾಲೆಯನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ತಂದರು. ಅದೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಬಂತು. ಇವತ್ತಿಗೂ ಆ ನಾಲೆಗಳಲ್ಲಿ ನೀರು ಹರಿಯುತ್ತಿದೆ. ಅರಮನೆಯ ದುಡ್ಡು ಎಲ್ಲಿ ಹರಿಯಿತೋ ಅಲ್ಲಿ ಗದ್ದೆಯಾಯಿತು, ಗದ್ದೆ ಇದ್ದಲ್ಲಿ ಕಂದಾಯ ಹೆಚ್ಚಿತು. ಮುಂದಿನ ಇನ್ನೂರು ವರ್ಷಗಳ ಹಂಚಿಕೆಯ ಲೆಕ್ಕಾಚಾರಕ್ಕೆ ಇದು ತಳಪಾಯ.

ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದದ್ದು 1831ರಿಂದ 1881ರವರೆಗೆ. ಆ ಅವಧಿಯ ಉತ್ತರಾರ್ಧದಲ್ಲಿ ಹೊಸ ಪದವೊಂದು ಹಳ್ಳಿಗೆ ಬಂತು: ಲೋಕಲ್ ಫಂಡ್. ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಹೆಚ್ಚುವರಿ ಕರ ವಸೂಲಿ ಮಾಡಿ ಅದನ್ನು ಜಿಲ್ಲೆಯ ರಸ್ತೆ, ಛತ್ರ, ಆಸ್ಪತ್ರೆಗಳಿಗೆ ಇಡುವ ಪದ್ಧತಿ ಅದು. ಅದರಲ್ಲಿ ಒಂದು ಪಾಲು ಹೋಬಳಿ ಶಾಲೆಗಳಿಗೂ ಹೋಗುತ್ತಿತ್ತು. ಶಾನುಭೋಗರು ಕಂದಾಯದ ಜೊತೆಗೇ ಈ ಒಂದಾಣೆಯನ್ನೂ ಬರೆದುಕೊಳ್ಳುತ್ತಿದ್ದರು.

ಇಲ್ಲಿ ತುಸು ನಿಲ್ಲಬೇಕು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಭೂಮಿ ಮೂರು ಬಗೆ: ತರಿ, ಖುಷ್ಕಿ, ಬಾಗಾಯ್ತು. ನಾಲೆ ನೀರು ಕುಡಿಯುವ ತರಿ ಜಮೀನಿನ ಎಕರೆಗೆ ಬೀಳುವ ಕಂದಾಯ ಮಳೆ ನಂಬಿದ ಖುಷ್ಕಿಗಿಂತ ಬಹಳ ಹೆಚ್ಚು. ಕರವೇ ಕಂದಾಯದ ಮೇಲೆ ನಿಂತಿದ್ದರಿಂದ ನಾಲೆ ಬಯಲಿನ ಹಳ್ಳಿಗಳು ಹೆಚ್ಚು ಕೊಟ್ಟವು, ಹೆಚ್ಚು ಕೇಳುವ ಬಲವನ್ನೂ ಪಡೆದವು. ಖುಷ್ಕಿ ಸೀಮೆ ಕಡಿಮೆ ಕೊಟ್ಟಿತು, ಅದರ ದನಿಯೂ ಸಣ್ಣದಾಯಿತು. ರಸ್ತೆಯೂ ಶಾಲೆಯೂ ತೀರಾ ಬೇಕಾಗಿದ್ದದ್ದು ಈ ಎರಡನೆಯವರಿಗೆ. ‘ಕೊಟ್ಟಷ್ಟಕ್ಕೆ ತಕ್ಕಂತೆ’ ಮತ್ತು ‘ಬೇಕಾದಷ್ಟಕ್ಕೆ ತಕ್ಕಂತೆ’ ಎಂಬ ಎರಡು ನ್ಯಾಯಗಳ ನಡುವಿನ ಜಗಳ ಅಂದೇ ಶುರುವಾಯಿತು. ಇನ್ನೂ ಮುಗಿದಿಲ್ಲ.

1902ರ ಲೋಕಲ್ ಬೋರ್ಡುಗಳ ಕಾಯಿದೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಪಂಚಾಯಿತಿ ಎಂಬ ಮೂರು ಮೆಟ್ಟಿಲು ಕಟ್ಟಿತು. ಮೇಲೆ ಕೂತವರು ಅಧಿಕಾರಿಗಳೇ. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಈ ವಿಷಯಕ್ಕೆ ಹೊಸ ಜೀವ ಬಂತು. 1914ರ ಹೊತ್ತಿಗೆ ಗ್ರಾಮ ಸುಧಾರಣಾ ಯೋಜನೆ ಶುರುವಾಗಿ ಊರೂರಲ್ಲಿ ಸಮಿತಿಗಳು ಹುಟ್ಟಿದವು. ಊರವರು ಚಂದಾ ಎತ್ತಬೇಕು, ವಾರಕ್ಕೊಮ್ಮೆ ಮೈಬಗ್ಗಿಸಿ ದುಡಿಯಬೇಕು, ಸರ್ಕಾರ ತನ್ನ ಪಾಲು ಸೇರಿಸಬೇಕು ಎಂಬುದು ಅದರ ತಿರುಳು. ಬಾವಿ ತೋಡಿದರು, ತಿಪ್ಪೆ ಊರಾಚೆ ಹಾಕಿದರು, ಬೀದಿ ಅಗಲ ಮಾಡಿದರು. ಸ್ಥಳೀಯ ಸಂಸ್ಥೆಗಳ ರಚನೆ ಹೇಗಿರಬೇಕು ಎಂದು ನೋಡಲು ಒಂದು ಸಮಿತಿ, ಅವುಗಳ ಹಣಕಾಸು ನೋಡಲು ಇನ್ನೊಂದು ಸಮಿತಿ ನೇಮಕವಾದದ್ದೂ ಅದೇ ಕಾಲದಲ್ಲಿ. ಅಧಿಕಾರ ಕೊಡುವುದು ಬೇರೆ, ದುಡ್ಡು ಕೊಡುವುದು ಬೇರೆ ಎಂಬ ತಿಳಿವಳಿಕೆ ಮೈಸೂರಿಗೆ ನೂರು ವರ್ಷಕ್ಕೂ ಹಿಂದೆಯೇ ಇತ್ತು.

1918ರಲ್ಲಿ ಹೊಸ ಕಾಯಿದೆ, 1926ರಲ್ಲಿ ಮತ್ತೊಂದು. 1926ರದ್ದು ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿ ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ಬೋರ್ಡು ಎರಡನ್ನೇ ಉಳಿಸಿತು. ‘ಡಿಸ್ಟ್ರಿಕ್ಟ್ ಬೋರ್ಡ್ ರಸ್ತೆ’ ಎಂಬ ಮಾತು ಹಳಬರ ಬಾಯಲ್ಲಿ ಇನ್ನೂ ಇರುವುದು ಆ ಕಾಲದ ನೆನಪು.

ಈ ಕಾಯಿದೆಗಳ ನಡುವೆಯೇ ಕನ್ನಂಬಾಡಿ ಕಟ್ಟೆ ಎದ್ದಿತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ ಮುಗಿಯಲು ಎರಡು ದಶಕ ಬೇಕಾಯಿತು. ಹಳೇ ಕನ್ನಂಬಾಡಿಯೂ ಸುತ್ತಿನ ಹಲವು ಹಳ್ಳಿಗಳೂ ಮುಳುಗಿದವು. ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ನೀರು ಒಯ್ದಿತು. ಖುಷ್ಕಿ ತರಿಯಾಯಿತು, ರಾಗಿ ಹೊಲಕ್ಕೆ ಕಬ್ಬು ಬಂತು, 1930ರ ದಶಕದಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ಕೆ.ಆರ್.ಪೇಟೆಯ ಹೇಮಾವತಿ ದಡಕ್ಕೆ ಮಂದಗೆರೆ, ಹೇಮಗಿರಿ ಅಣೆಗಳ ನೀರಿತ್ತು. ಅದೇ ತಾಲ್ಲೂಕಿನ ಮೇಲು ನೆಲಕ್ಕೆ ಇರಲಿಲ್ಲ. ಕಟ್ಟೆ ಪಕ್ಕದಲ್ಲೇ ಇದ್ದರೂ ನಾಗಮಂಗಲದ ಎತ್ತರದ ಊರುಗಳಿಗೆ ಅದರ ನೀರು ಹತ್ತಲಿಲ್ಲ. ಒಂದೇ ಜಿಲ್ಲಾ ಬೋರ್ಡಿನಲ್ಲಿ ಕೂತ ಸದಸ್ಯರು ಎರಡು ಬೇರೆ ಪ್ರಪಂಚಗಳಿಂದ ಬರುತ್ತಿದ್ದರು.

ಸ್ವಾತಂತ್ರ್ಯದ ನಂತರದ ಮೂರು ದಶಕಗಳನ್ನು ಬೇಗ ದಾಟಬಹುದು. 1952ರ ಕಾಯಿದೆ ವಯಸ್ಕ ಮತದಾನ ತಂದಿತು. 1959ರ ಕಾಯಿದೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು, ಜನರ ಬಾಯಲ್ಲಿ ಟಿ.ಡಿ.ಬಿ.ಗಳನ್ನು, ಹುಟ್ಟುಹಾಕಿತು. ಭೂಕಂದಾಯದಲ್ಲಿ ಪಂಚಾಯಿತಿಗೆ ಪಾಲು ಸಿಗುತ್ತಿತ್ತು. ಆದರೆ ಕಂದಾಯವೇ ಸೊರಗುತ್ತಿದ್ದ ಕಾಲ ಅದು. 1963ರಲ್ಲಿ ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆಗಳು ರದ್ದಾದವು. ಊರಿನ ಹಳೇ ಹಿಡಿತ ಸಡಿಲಾಯಿತು. ಹೊಸ ಚೇರ್ಮನ್ನರ ಕೈಯಲ್ಲಿ ಬೀದಿ ದೀಪ ಬದಲಿಸುವಷ್ಟು ದುಡ್ಡೂ ಇರುತ್ತಿರಲಿಲ್ಲ. ಅಭಿವೃದ್ಧಿಯ ದುಡ್ಡೆಲ್ಲ ಬ್ಲಾಕ್ ಕಚೇರಿಯ ದಾರಿ ಹಿಡಿದಿತ್ತು.

ಆಮೇಲೆ ಬಂದದ್ದು 1987.

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದರು. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಬಯಲು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಕೈಪಂಪಿನ ಮೊದಲ ನೆನಪಿಗೂ ಅವರ ಹೆಸರಿಗೂ ಗಂಟು ಬಿದ್ದಿದೆ. ಆದರೆ ಅವರ ನಿಜವಾದ ದೊಡ್ಡ ಕೆಲಸ ಇನ್ನೊಂದು. 1983ರಲ್ಲಿ ಶಾಸನಸಭೆಯ ಒಪ್ಪಿಗೆ ಪಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯಿದೆಗೆ ರಾಷ್ಟ್ರಪತಿಯವರ ಅಂಕಿತ ಬೀಳುವಷ್ಟರಲ್ಲಿ 1985 ಆಗಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. 19 ಜಿಲ್ಲಾ ಪರಿಷತ್ತುಗಳು, 2,536 ಮಂಡಲ ಪಂಚಾಯಿತಿಗಳು ಹುಟ್ಟಿದವು. ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿತ್ತು. ಸಂವಿಧಾನವೇ ಇದನ್ನು ಹೇಳುವ ಮೊದಲೇ ಕರ್ನಾಟಕ ಮಾಡಿ ತೋರಿಸಿತ್ತು.

ದುಡ್ಡಿನ ಮಾತಿಗೆ ಬಂದರೆ ಅಲ್ಲಿ ಆದದ್ದು ಕ್ರಾಂತಿಯೇ. ಜಿಲ್ಲೆಯ ಶಾಲೆ, ಆಸ್ಪತ್ರೆ, ಪಶುವೈದ್ಯ, ಸಣ್ಣ ನೀರಾವರಿ, ಗ್ರಾಮೀಣ ರಸ್ತೆ ಎಲ್ಲದರ ಆಯವ್ಯಯವನ್ನೂ ರಾಜ್ಯ ಬಜೆಟ್ಟಿನಿಂದ ಬಿಡಿಸಿ ಜಿಲ್ಲಾವಾರು ಬರೆದು ಒಂದು ಪ್ರತ್ಯೇಕ ಪುಸ್ತಕ ಮಾಡಿದರು. ಅದೇ ‘ಲಿಂಕ್ ಡಾಕ್ಯುಮೆಂಟ್’. ಈ ಹೆಸರು ಇಂದಿಗೂ ಜಿಲ್ಲಾ ಪಂಚಾಯಿತಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಮೊದಲ ಬಾರಿಗೆ, ಮಂಡ್ಯ ಜಿಲ್ಲೆಗೆ ಇಷ್ಟು, ಯಾವ ಬಾಬ್ತಿಗೆ ಎಷ್ಟು ಎಂಬುದು ಅಚ್ಚಾದ ಪುಟದಲ್ಲಿ ಎಲ್ಲರಿಗೂ ಕಾಣುವಂತಾಯಿತು. ಜಿಲ್ಲಾಧಿಕಾರಿಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಚುನಾಯಿತ ಅಧ್ಯಕ್ಷರ ಕೆಳಗೆ ಕೂತರು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಮಂಡಲಗಳಿಗೆ ತಲಾವಾರು ಅನುದಾನ, ಅಂದರೆ ಊರಿನ ತಲೆ ಎಣಿಸಿ ಕೊಡುವ ದುಡ್ಡು ಬಂತು. 1989ರ ಏಪ್ರಿಲ್‌ನಿಂದ ಕೇಂದ್ರದ ಜವಾಹರ್ ರೋಜ್‌ಗಾರ್ ಯೋಜನೆಯ ದುಡ್ಡೂ ಊರ ಪಂಚಾಯಿತಿಗೇ ಇಳಿಯತೊಡಗಿತು.

ತಲೆ ಎಣಿಸುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಒಂದಾಣೆಯ ಕಾಲದಿಂದ ನೋಡಿದರೆ ಅದು ದೊಡ್ಡ ಜಿಗಿತ. ಕಬ್ಬಿನ ಗದ್ದೆಯ ಒಡೆಯನದ್ದೂ ಒಂದೇ ತಲೆ, ಕುರಿ ಕಾಯುವವನದ್ದೂ ಒಂದೇ ತಲೆ. ತರಿ, ಖುಷ್ಕಿಗಳ ಭೇದ ಆ ಸೂತ್ರದಲ್ಲಿ ಅಳಿಸಿಹೋಯಿತು. ನಾಗಮಂಗಲದ ಒಣ ಊರಿಗೂ ಶ್ರೀರಂಗಪಟ್ಟಣದ ನಾಲೆ ಊರಿಗೂ ಮೊದಲ ಸಲ ಒಂದೇ ಅಳತೆಗೋಲು ಸಿಕ್ಕಿತು. ಊರವರು ಆಗ ಪ್ರಧಾನರೆಂದು ಕರೆಯುತ್ತಿದ್ದ ಮಂಡಲದ ಮುಖ್ಯಸ್ಥರ ಕೈಯಲ್ಲಿ, ಪ್ರತಿ ಕೆಲಸಕ್ಕೂ ತಾಲ್ಲೂಕು ಕಚೇರಿಗೆ ಅಲೆಯದೆ ಖರ್ಚು ಮಾಡಬಹುದಾದ ದುಡ್ಡು ಇತ್ತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪರಿಷತ್ತು, ಮಂಡಲಗಳ ಐದು ವರ್ಷದ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಗ್ರಾಮೀಣಾಭಿವೃದ್ಧಿ ತರಬೇತಿಗೆಂದು ಮೈಸೂರಿನಲ್ಲಿರುವ ರಾಜ್ಯ ಸಂಸ್ಥೆಗೆ ಈಗ ಅವರ ಹೆಸರಿದೆ. ಈ ನಾಲ್ಕು ತಾಲ್ಲೂಕುಗಳಿಗೆ ಅದು ಅಷ್ಟೇನೂ ದೂರವಲ್ಲ.

1993ರ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ. ಎಂಟರಿಂದ ಹನ್ನೆರಡು ಸಾವಿರ ಜನರ ಮಂಡಲ ಹೋಗಿ ಐದರಿಂದ ಏಳು ಸಾವಿರ ಜನರ ಗ್ರಾಮ ಪಂಚಾಯಿತಿ ಬಂತು. ಕಾಯಿದೆಯ 206ನೇ ಪ್ರಕರಣ ಪ್ರತಿ ಗ್ರಾಮ ಪಂಚಾಯಿತಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಅನುದಾನ ಕೊಡಬೇಕೆಂದು ಬರೆಯಿತು. ಮುಂದೆ ಆ ಮೊತ್ತ ಹಲವು ಸಲ ಏರಿತು. ವಿದ್ಯುತ್ ಬಿಲ್ಲು, ನೀರು ಸರಬರಾಜು, ನೈರ್ಮಲ್ಯಕ್ಕೆಂದು ಬರುವ ಇದನ್ನು ಕಚೇರಿ ಭಾಷೆಯಲ್ಲಿ ಶಾಸನಬದ್ಧ ಅನುದಾನ ಎನ್ನುತ್ತಾರೆ.

ಎಲ್ಲ ಪಂಚಾಯಿತಿಗೂ ಒಂದೇ ಮೊತ್ತ ಎಂದರೆ ನ್ಯಾಯವೇ? ಕಿಕ್ಕೇರಿಯಂಥ ದೊಡ್ಡ ಊರಿಗೂ ಏಳೆಂಟು ಸಣ್ಣ ಹಳ್ಳಿ ಚದುರಿದ ಪಂಚಾಯಿತಿಗೂ ಒಂದೇ ಚೆಕ್ಕು ಸಾಕೇ? ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಸಂವಿಧಾನ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸಬೇಕೆಂದು ಹೇಳಿತು. ಕರ್ನಾಟಕದ ಮೊದಲ ಆಯೋಗ 1994ರಲ್ಲಿ ಅರ್ಥಶಾಸ್ತ್ರಜ್ಞ ಜಿ. ತಿಮ್ಮಯ್ಯನವರ ಅಧ್ಯಕ್ಷತೆಯಲ್ಲಿ ಆಯಿತು. ಸಾಲ ಬಿಟ್ಟು ರಾಜ್ಯದ ಸ್ವಂತ ರಾಜಸ್ವದಲ್ಲಿ ಶೇ. 36ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಹೋಗಲಿ, ಅದರಲ್ಲಿ ಶೇ. 85 ಗ್ರಾಮೀಣಕ್ಕೆ ಸಿಗಲಿ ಎಂದು ಅದು ಶಿಫಾರಸು ಮಾಡಿತು. ಹಂಚುವಾಗ ಮೂರರಲ್ಲಿ ಒಂದು ಪಾಲು ಜನಸಂಖ್ಯೆಗೆ, ಒಂದು ಪಾಲು ವಿಸ್ತೀರ್ಣಕ್ಕೆ, ಒಂದು ಪಾಲು ಹಿಂದುಳಿದಿರುವಿಕೆಗೆ. ಅನಕ್ಷರಸ್ಥರೆಷ್ಟು, ಆಸ್ಪತ್ರೆಯ ಒಂದು ಹಾಸಿಗೆಗೆ ಜನರೆಷ್ಟು, ರಸ್ತೆ ಎಷ್ಟು ಉದ್ದ ಎಂಬುದರಿಂದ ಹಿಂದುಳಿದಿರುವಿಕೆಯನ್ನು ಅಳೆದರು. ‘ಬೇಕಾದಷ್ಟಕ್ಕೆ ತಕ್ಕಂತೆ’ ಎಂಬ ನ್ಯಾಯ ಕೊನೆಗೂ ಸೂತ್ರದೊಳಗೆ ಕಾಲಿಟ್ಟ ಗಳಿಗೆ ಇದು. ಕಡಿಮೆ ಜನ, ಅಗಲ ನೆಲ, ಉದ್ದುದ್ದ ಕಚ್ಚಾ ರಸ್ತೆ ಇರುವ ಒಣ ಸೀಮೆಗೆ ವಿಸ್ತೀರ್ಣದ ಲೆಕ್ಕವೇ ಬದುಕು.

ಆ ನಂತರ ಕೆ.ಪಿ. ಸುರೇಂದ್ರನಾಥ್, ಎ.ಜಿ. ಕೊಡ್ಗಿ, ಸಿ.ಜಿ. ಚಿನ್ನಸ್ವಾಮಿ, ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ ಆಯೋಗಗಳು ಬಂದವು. ಚಿನ್ನಸ್ವಾಮಿ ಆಯೋಗ ಸ್ಥಳೀಯ ಸಂಸ್ಥೆಗಳ ಪಾಲು ಶೇ. 48ಕ್ಕೆ ಏರಲಿ ಎಂದಿತು. ಶಿಫಾರಸು ಒಪ್ಪುವುದು, ಬಿಡುವುದು ಸರ್ಕಾರದ ಕೈಯಲ್ಲಿದೆ. ಐದು ವರ್ಷಕ್ಕೊಂದು ಆಯೋಗ ಎಂದು ಸಂವಿಧಾನ ಹೇಳಿದರೂ 2006ರ ಮೂರನೆಯದಕ್ಕೂ 2015ರ ನಾಲ್ಕನೆಯದಕ್ಕೂ ನಡುವೆ ಒಂಬತ್ತು ವರ್ಷ ಉರುಳಿತು. ಹಳ್ಳಿಯ ದುಡ್ಡಿನ ವಿಷಯದಲ್ಲಿ ತಡ ಎಂಬುದೂ ಒಂದು ಬಗೆಯ ಕಡಿತವೇ.

ಇನ್ನೊಂದು ಕೊಳವೆ ದೆಹಲಿಯಿಂದ ಬರುತ್ತದೆ. ಕೆ.ಸಿ. ಪಂತ್ ಅಧ್ಯಕ್ಷತೆಯ ಹತ್ತನೇ ಹಣಕಾಸು ಆಯೋಗ ಮೊದಲ ಸಲ ಪಂಚಾಯಿತಿಗಳಿಗೆ ದುಡ್ಡು ತೆಗೆದಿಟ್ಟಿತು: ಗ್ರಾಮೀಣ ಜನಸಂಖ್ಯೆಯ ತಲೆಗೆ 100 ರೂಪಾಯಿ, ಒಟ್ಟು 4,380.93 ಕೋಟಿ. ಅದು ಹಿಡಿದ ಜನಸಂಖ್ಯೆ 1971ರದ್ದು. ಆ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನ ಸುಮಾರು 11.5 ಲಕ್ಷ. ದುಡ್ಡು ಬರತೊಡಗಿದ ಹೊತ್ತಿಗೆ 16 ಲಕ್ಷ ದಾಟಿದ್ದರು. 1971ರ ನಂತರ ಹುಟ್ಟಿದ ಒಬ್ಬರೂ ಲೆಕ್ಕಕ್ಕೆ ಬರಲಿಲ್ಲ.

ವೈ.ವಿ. ರೆಡ್ಡಿಯವರ ಹದಿನಾಲ್ಕನೇ ಆಯೋಗ ಗ್ರಾಮ ಪಂಚಾಯಿತಿಗಳಿಗೇ ನೇರವಾಗಿ ಐದು ವರ್ಷಕ್ಕೆ 2 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿತು. ರಾಜ್ಯಗಳ ನಡುವೆ ಹಂಚುವಾಗ 2011ರ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ಎನ್.ಕೆ. ಸಿಂಗ್ ಅವರ ಹದಿನೈದನೇ ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ಗೊತ್ತುಮಾಡಿ ಮೂರೂ ಹಂತಕ್ಕೆ ಹಂಚಿತು. ಅದರಲ್ಲಿ ಶೇ. 60 ‘ನಿರ್ಬಂಧಿತ’: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಮಾತ್ರ ಊರವರ ಇಷ್ಟಕ್ಕೆ. ಇವತ್ತು ಯಾವ ಪಂಚಾಯಿತಿಯಲ್ಲಿ ಕೇಳಿದರೂ ‘ಹದಿನೈದನೇ ಹಣಕಾಸು’ ಎಂಬ ಪದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ (ಪಿ.ಡಿ.ಒ.) ಹಿಡಿದು ನೀರುಗಂಟಿಯವರೆಗೆ ಎಲ್ಲರ ಬಾಯಲ್ಲೂ ಇದೆ.

ನೀರು, ನೈರ್ಮಲ್ಯಕ್ಕೆ ಕಟ್ಟುಪಾಡು ಹಾಕಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಯಾವ ಊರಿಗೆ ಯಾವುದು ಮೊದಲು ಬೇಕು ಎಂಬುದನ್ನು ದೆಹಲಿಯಲ್ಲಿ ಕೂತು ಗೊತ್ತುಮಾಡಿದರೆ ಎಡವಟ್ಟಾಗುವುದು ಇಲ್ಲಿಯೇ. ನಾಲೆ ಬದಿಯ ಊರಿಗೆ ಗದ್ದೆಗೆ ಹೋಗುವ ದಾರಿಯ ಮೋರಿ ಬೇಕು. ಒಣ ಊರಿಗೆ ಹೊಸ ಪೈಪಿಗಿಂತ ಹಳೇ ಮೋಟರಿನ ರಿವೈಂಡಿಂಗ್ ಬೇಕು. ಬೋರ್‌ವೆಲ್ ಆಳಕ್ಕಿಳಿದಷ್ಟೂ ಪಂಪಿನ ಅಶ್ವಶಕ್ತಿ ಏರುತ್ತದೆ, ವಿದ್ಯುತ್ ಕಂಪನಿ ಚೆಸ್ಕಾಂನ ಬಿಲ್ಲೂ ಏರುತ್ತದೆ. ಶಾಸನಬದ್ಧ ಅನುದಾನದಲ್ಲಿ ವಿದ್ಯುತ್ತಿನ ಪಾಲು ಪ್ರತ್ಯೇಕ ಎಸ್ಕ್ರೋ ಖಾತೆಗೆ ಹೋದ ಮೇಲೆ ಉಳಿಯುವುದರಲ್ಲೇ ಬೀದಿ ದೀಪ, ಬ್ಲೀಚಿಂಗ್ ಪೌಡರ್, ನಲ್ಲಿ ರಿಪೇರಿ ಎಲ್ಲ. ನೀರಿಲ್ಲದ ಊರು ನೀರಿಗಾಗಿ ಹೆಚ್ಚು ಕಳೆದುಕೊಳ್ಳುತ್ತದೆ. ತಲೆಗಿಷ್ಟು ಎಂಬ ಸೂತ್ರಕ್ಕೆ ಬೋರ್‌ವೆಲ್ಲಿನ ಆಳ ಕಾಣುವುದಿಲ್ಲ.

ಆ ಸೂತ್ರಕ್ಕೆ ಕಾಣದವು ಇನ್ನೂ ಇವೆ. ಕೆ.ಆರ್.ಎಸ್. ಗ್ರಾಮ ಪಂಚಾಯಿತಿಯನ್ನೇ ನೋಡಿ. ಭಾನುವಾರ ಸಂಜೆ ಬೃಂದಾವನದ ಕಾರಂಜಿ ನೋಡಲು ಬಸ್ಸು, ಕಾರುಗಳಲ್ಲಿ ಬರುವ ಜನ ಜನಗಣತಿಯಲ್ಲಿ ಇಲ್ಲ. ಉದ್ಯಾನದ ಟಿಕೆಟ್ ಹಣ ಕಾವೇರಿ ನೀರಾವರಿ ನಿಗಮದ್ದು. ದಾರಿಯುದ್ದಕ್ಕೂ ಬೀಳುವ ಪ್ಲಾಸ್ಟಿಕ್, ಎಳನೀರು ಬುರುಡೆಗಳು ಊರಿನವು. ಮೇಲುಕೋಟೆಯಲ್ಲಿ ವೈರಮುಡಿಯ ರಾತ್ರಿ ಸೇರುವ ಭಕ್ತರೂ ಹಾಗೆಯೇ. ಊರಿನ ಜನಸಂಖ್ಯೆ ಕೆಲವೇ ಸಾವಿರ, ಉತ್ಸವದ ಜನಸಾಗರದ ಲೆಕ್ಕ ಯಾವ ಅನುದಾನಕ್ಕೂ ಸೇರುವುದಿಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲಿನ ರಾಜಧನ ರಾಜ್ಯದ ಬೊಕ್ಕಸಕ್ಕೆ ಸೇರಿತು, ಟಿಪ್ಪರುಗಳು ಕೆಡಿಸಿದ್ದು ಹಳ್ಳಿಯ ರಸ್ತೆಯನ್ನು. ಇನ್ನೊಂದು ಕಡೆ, ದುಡಿಯಲು ಬೆಂಗಳೂರಿಗೂ ಮೈಸೂರಿಗೂ ಹೋದವರಿಂದಾಗಿ ಜಿಲ್ಲೆಯ ಜನಸಂಖ್ಯೆ ಅಷ್ಟಾಗಿ ಬೆಳೆಯುತ್ತಿಲ್ಲ: 2001ರಲ್ಲಿ 17.6 ಲಕ್ಷ, 2011ರಲ್ಲಿ 18.06 ಲಕ್ಷ. ಮಕ್ಕಳು ಊರು ಬಿಟ್ಟರೂ ಉಳಿದ ಹಿರಿಯರಿಗೆ ನೀರು, ದೀಪ, ರಸ್ತೆ ಅಷ್ಟೇ ಬೇಕು. ತಲೆ ಎಣಿಸುವ ಸೂತ್ರ ಇಂಥ ಜಿಲ್ಲೆಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಾ ಹೋಗುತ್ತದೆ.

ಮೇಲಿನ ಹಂತಗಳ ಸ್ಥಿತಿ ಇನ್ನೂ ಬೇಸರದ್ದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಲಿಂಕ್ ಡಾಕ್ಯುಮೆಂಟಿನಲ್ಲಿ ಕೋಟಿಗಳ ಸಾಲೇ ಇದೆ. ಅದರ ಬಹುಪಾಲು ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಸಂಬಳ, ಅಂದರೆ ಬಂದ ದುಡ್ಡನ್ನು ಹಾಗೆಯೇ ದಾಟಿಸುವ ಕೆಲಸ. ಕಳೆದ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತಾ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಚುನಾಯಿತ ಮಂಡಳಿ ಇಲ್ಲದ ಹಂತಕ್ಕೆ ಹಣಕಾಸು ಆಯೋಗದ ಅನುದಾನ ಸಿಗುವುದಿಲ್ಲ ಎಂಬುದು ಷರತ್ತು. ಸಂವಿಧಾನದ ತಿದ್ದುಪಡಿಗೂ ಮೊದಲೇ ಜಿಲ್ಲಾ ಪರಿಷತ್ತು ಕಟ್ಟಿ ತೋರಿಸಿದ ರಾಜ್ಯ ತನ್ನ ಜನರಿಗೆ ಬರಬೇಕಾದ ದುಡ್ಡನ್ನು ಹೀಗೆ ಕಳೆದುಕೊಳ್ಳುವುದು ಸಣ್ಣ ತಪ್ಪಲ್ಲ.

ಕೊನೆಗೆ ಉಳಿಯುವುದು ಊರಿನ ಸ್ವಂತ ದುಡ್ಡು. ಮನೆ ಕಂದಾಯದ ರಸೀದಿಯೊಂದನ್ನು ಕೈಗೆ ತೆಗೆದುಕೊಂಡು ನೋಡಬೇಕು. ತೆರಿಗೆಯ ಕೆಳಗೆ ಸಣ್ಣ ಸಾಲುಗಳಿವೆ: ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಬಿಲ್ ಕಲೆಕ್ಟರ್ ಮನೆಮನೆ ಸುತ್ತಿ ಇದನ್ನು ಎತ್ತುತ್ತಾರೆ. ಪಂಚಾಯಿತಿಯ ವಹಿಯಲ್ಲಿ ಅದು ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಲಂಗಳಾಗಿ ಕೂರುತ್ತದೆ. ಬಾಕಿಯ ಕಲಂ ಉದ್ದವಾದಷ್ಟೂ ಊರು ಮೇಲಿನ ಅನುದಾನಕ್ಕೆ ಕೈಯೊಡ್ಡಬೇಕಾಗುತ್ತದೆ. 1914ರ ಗ್ರಾಮ ಸುಧಾರಣಾ ಸಮಿತಿಗಳು ಚಂದಾ ಎತ್ತಿ ಸರ್ಕಾರದ ಪಾಲು ಕೇಳಿದ್ದರಲ್ಲಿ ಒಂದು ಗಟ್ಟಿತನವಿತ್ತು: ನಾವೂ ಹಾಕಿದ್ದೇವೆ, ನೀವೂ ಹಾಕಿ, ಲೆಕ್ಕ ಇಬ್ಬರೂ ನೋಡೋಣ. ಸ್ವಂತ ತೆರಿಗೆ ಕಟ್ಟಿದವನು ಗ್ರಾಮಸಭೆಯಲ್ಲಿ ಕೇಳುವ ಪ್ರಶ್ನೆಗೆ ಬೇರೆಯೇ ತೂಕ ಇರುತ್ತದೆ.

ಆ ಪ್ರಶ್ನೆ ಕೇಳಲು ಕಾಯಿದೆ ದಿನವನ್ನೂ ಇಟ್ಟಿದೆ. ಸ್ವಾತಂತ್ರ್ಯ ದಿನಾಚರಣೆ ಮುಗಿದ ಮರುದಿನದಿಂದ, ಅಂದರೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ, ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜಮಾಬಂದಿ ನಡೆಯಬೇಕು. ಕಳೆದ ವರ್ಷ ಬಂದ ದುಡ್ಡೆಷ್ಟು, ಯಾವ ಬಾಬ್ತಿನಲ್ಲಿ ಬಂತು, ಎಲ್ಲಿ ಖರ್ಚಾಯಿತು ಎಂಬ ವಹಿಯನ್ನು ಅಂದು ಊರವರ ಮುಂದೆ ತೆರೆದಿಡುತ್ತಾರೆ, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡುತ್ತಾರೆ. ಶ್ರೀರಂಗಪಟ್ಟಣದ ನಾಲೆ ಊರಾಗಲಿ, ನಾಗಮಂಗಲದ ದಿಣ್ಣೆ ಊರಾಗಲಿ, ಈ ಸಲದ ಜಮಾಬಂದಿಗೆ ಹೋಗಿ. ಚರಂಡಿ ಪಕ್ಕದ ಸಿಮೆಂಟ್ ಹಲಗೆಯಲ್ಲಿ ಬರೆದ ಮೊತ್ತವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೇ ಹೋಗಿ.